ಎರಡನೆಯ ರಿಪೇರಿ

ನಮ್ಮೂರ ಪಡಿತರ ಅಂಗಡಿಯಲ್ಲಿ ಚಿಮಣಿ ಎಣ್ಣೆ ಕೊಡುವುದು ನಿಂತು ಎಷ್ಟೋ ವರ್ಷವಾಯಿತು. ಆ ವಾಸನೆಯನ್ನು ನಾನು ಮರೆತೇಬಿಟ್ಟಿದ್ದೆ. ಹೋದ ತಿಂಗಳು ಹೊಲದ ಶೆಡ್ಡಿಗೆ ಹೊಸ ತಗಡು ಹಾಕಿಸಬೇಕೆಂದು ಒಳಗಿನ ಸಾಮಾನನ್ನೆಲ್ಲ ಹೊರಗೆ ತೆಗೆಯುವಾಗ, ಗೋಡೆಯ ಗೂಡಿನಲ್ಲಿ, ಮೊಂಡಾದ ಕುಡಗೋಲು ಮತ್ತು ಹಗ್ಗದ ತುಂಡುಗಳ ಹಿಂದೆ ಒಂದು ತಗಡಿನ ಡಬ್ಬಿ ಸಿಕ್ಕಿತು. ಮುಚ್ಚಳ ತುಕ್ಕು ಹಿಡಿದು ಬಿಗಿದುಕೊಂಡಿತ್ತು. ಕಲ್ಲಿಗೆ ನಾಲ್ಕು ಸಲ ಕುಟ್ಟಿ ತೆಗೆದೆ. ಚಿಮಣಿ ಎಣ್ಣೆ ಮತ್ತು ಗ್ರೀಸು ಕೂಡಿದ ವಾಸನೆ ಮೂಗಿಗೆ ಬಡಿಯಿತು. ತಳದಲ್ಲಿ ಕರಿ ಜಿಡ್ಡಿನೊಳಗೆ ಎರಡು ಸಣ್ಣ ಕಬ್ಬಿಣದ ಪಿನ್ನುಗಳು ಬಿದ್ದಿದ್ದವು. ಒಂದರ ಒಂದು ಕಾಲು ಮುರಿದಿತ್ತು. ಇನ್ನೊಂದು ಬಳಸದೇ ಇದ್ದದ್ದು. ನಾನು ಅಲ್ಲೇ, ಬಾಗಿಲ ಹೊಸ್ತಿಲ ಮೇಲೆ ಕುಳಿತುಬಿಟ್ಟೆ.

ನಾನು ಗಾಡಿ ರಿಪೇರಿಯ ಮಿಸ್ತ್ರಿಯಲ್ಲ. ಎಸ್ಸೆಸ್ಸೆಲ್ಸಿ ಪಾಸಾಗಿ ಒಕ್ಕಲುತನಕ್ಕೆ ನಿಂತವನು. ಹುಟ್ಟಿದಾಗಿನಿಂದ ಒಂದೇ ಮೋಟರ್‌ಸೈಕಲ್ಲನ್ನು ಎರಡೇ ಸಲ ರಿಪೇರಿ ಮಾಡಿದ್ದೇನೆ. ಮೊದಲನೆಯ ರಿಪೇರಿಯಿಂದ ನಮ್ಮವ್ವ ಸತ್ತಳು. ಎರಡನೆಯದರಿಂದ ನನ್ನ ತಮ್ಮ ಪಾರೀಸ ಇವತ್ತಿನವರೆಗೂ ಕಾಲಿಗೆ ಚಪ್ಪಲಿ ಹಾಕಿಲ್ಲ. ಈ ಮಾತನ್ನು ಬಾಯಿಯಿಂದ ಹೇಳಿ ನೋಡಿದೆ. ಕೆಲಸಕ್ಕೆ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ಹುಕ್ಕೇರಿ ತಾಲೂಕಿನ ನಮ್ಮೂರಲ್ಲಿ ಜೈನರ ಮನೆಗಳು ನಲವತ್ತರ ಮೇಲಿವೆ. ಆ ವರ್ಷ ಭಾದ್ರಪದದಲ್ಲಿ ಮಳೆ ಜೋರಾಗಿ ಬರಲಿಲ್ಲ, ಬಿಡಲೂ ಇಲ್ಲ. ದಿನವೆಲ್ಲ ಜಿಟಿಜಿಟಿ. ಸೋಯಾಬಿನ್ನಿನ ಎಲೆ ಹಳದಿಯಾಗುತ್ತಿತ್ತು, ದನದ ಕೊಟ್ಟಿಗೆಯ ನೆಲ ಒಣಗುತ್ತಿರಲಿಲ್ಲ. ನನಗೆ ಆಗ ನಲವತ್ತೇಳು, ಪಾರೀಸನಿಗೆ ಮೂವತ್ತೈದು. ಅಪ್ಪ ಇರಲಿಲ್ಲ. ಅವ್ವ, ನಾನು, ನನ್ನ ಹೆಂಡತಿ ಸುನಂದಾ, ಪಾರೀಸ ಮತ್ತು ಅವನ ಹೆಂಡತಿ, ಎಲ್ಲರೂ ಒಂದೇ ಮನೆಯಲ್ಲಿ. ಮನೆಗೊಂದು ನೂರು ಸಿಸಿ ಗಾಡಿ. ಅದು ಹೆಸರಿಗೆ ಇಬ್ಬರದು, ಖರೆ ನೋಡಿದರೆ ಪಾರೀಸನದು. ಅವನು ಬೆಳಿಗ್ಗೆ ಐದಕ್ಕೆ ಎದ್ದು ಎರಡು ಬದಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಸುತ್ತಲಿನ ಊರುಗಳ ಹಾಲು ಕೂಡಿಸಿ ಹುಕ್ಕೇರಿಗೆ ಮುಟ್ಟಿಸಿ ಬರುತ್ತಿದ್ದ. ಸಿಳ್ಳೆ ಹಾಕುತ್ತ ಬರುವವನು. ಗಾಡಿಯ ಸದ್ದಿಗಿಂತ ಮೊದಲು ಸಿಳ್ಳೆ ಕೇಳಿಸುತ್ತಿತ್ತು.

ದಶಲಕ್ಷಣ ಪರ್ವದ ಹಿಂದಿನ ದಿನ ಸಂಜೆ ಬಸದಿಯಲ್ಲಿ ಎಲ್ಲರೂ ಸೇರಿದ್ದೆವು. ಹತ್ತು ದಿನ ಯಾರು ಯಾವ ವ್ರತ ಹಿಡಿಯುತ್ತೀರಿ ಎಂದು ಪಂಡಿತರು ಕೇಳಿದರು. ಪಾರೀಸ ಎದ್ದು ನಿಂತು, ಒಂದು ದಿನ ಉಪವಾಸ, ಒಂದು ದಿನ ಒಂದೇ ಹೊತ್ತು ಊಟ ಎಂದ. ಅವ್ವ ಹೆಣ್ಣುಮಕ್ಕಳ ಸಾಲಿನಲ್ಲಿ ಕೂತಿದ್ದಳು. ಅವಳ ಮುಖ ಅರಳಿದ್ದು ನನಗೆ ಕಾಣಿಸಿತು. ಆಮೇಲೆ ಅವಳು ನನ್ನ ಕಡೆ ನೋಡಿದಳು.

ನನಗೆ ಹಸಿವು ತಡೆಯುವುದಿಲ್ಲ. ಆದರೆ ತಮ್ಮ ನಿಂತಿದ್ದಾನೆ, ಅಣ್ಣ ಕೂತಿದ್ದಾನೆ ಎಂದಾಗಬಾರದಲ್ಲ. ನಮ್ಮಲ್ಲಿ ಇಂತಿಷ್ಟೇ ದೂರ ಹೋಗುತ್ತೇನೆ, ಅದರಾಚೆ ಕಾಲಿಡುವುದಿಲ್ಲ ಎಂದು ಗಡಿ ಹಾಕಿಕೊಳ್ಳುವ ವ್ರತವೊಂದಿದೆ. ಹೊಟ್ಟೆಗೆ ತ್ರಾಸಿಲ್ಲದ ವ್ರತ. ಎದ್ದು ಹೇಳಿದೆ, "ಪರ್ವ ಮುಗಿಯೂತನಕಾ ನಾ ಊರ ಮುಂದಿನ ಹಳ್ಳಾ ದಾಟೂದಿಲ್ರಿ."

ಪಾರೀಸ ನಕ್ಕ. "ಹಳ್ಳದ ಆಚಿ ನಿನಗೇನ ಕೆಲಸಾ ಐತಿ ಅಣ್ಣಾ, ಹೋಟೆಲ್ಲ ಬಿಟ್ರ?"

ಬಸದಿಯಲ್ಲಿ ಎಲ್ಲರೂ ನಕ್ಕರು. ಪಂಡಿತರೂ ನಕ್ಕರು. ನಾನೂ ನಕ್ಕೆ. ಅವ್ವ ಮಾತ್ರ ನಗಲಿಲ್ಲ. ಮರುದಿನದಿಂದ ನೀರಿಗೆ ಬಂದವರಿಗೆ, ಹಿಟ್ಟಿನ ಗಿರಣಿಯಲ್ಲಿ ನಿಂತವರಿಗೆ ಅವಳು ಹೇಳಿಕೊಂಡು ಬಂದಳು: "ನಮ್ಮ ಜಿನ್ನಪ್ಪ ಹಳ್ಳಾ ದಾಟೂದಿಲ್ಲಂತ ಪ್ರತಿಜ್ಞಾ ಮಾಡ್ಯಾನವಾ. ಉಪವಾಸಾ ಯಾರರ ಮಾಡ್ತಾರು. ಕಾಲ ಕಟ್ಟಿ ಹಾಕೂದು ಸುಮ್ನ ಅಲ್ಲ."

ಐದು ದಿನ ಕಟ್ಟಿ ಹಾಕಿದೆ. ಆರನೆಯದು ಉತ್ತಮ ಸಂಯಮದ ದಿನ. ಮಧ್ಯಾಹ್ನ ಪಾರೀಸ ಹಿಂದಿನ ದಿನದ ಉಪವಾಸದ ನಿತ್ರಾಣಕ್ಕೆ ಬಸದಿಯ ಕಟ್ಟೆಯ ಮೇಲೆ ಮಲಗಿದ್ದ. ಅವ್ವ ಮನೆಯೊಳಗೆ ಜಪಕ್ಕೆ ಕೂತಿದ್ದಳು. ಗಾಡಿ ಅಂಗಳದಲ್ಲಿ ನಿಂತಿತ್ತು, ಚಾವಿ ಗೂಟಕ್ಕೆ ನೇತಾಡುತ್ತಿತ್ತು. ಮಳೆ ಸ್ವಲ್ಪ ಬಿಟ್ಟಿತ್ತು. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಉಳ್ಳಾಗಡ್ಡಿ, ಬಟಾಟೆ, ನೆಲದೊಳಗೆ ಬೆಳೆಯುವ ಯಾವುದೂ ಒಲೆಗೆ ಏರುವುದಿಲ್ಲ. ನನಗೆ ಮೂರು ದಿನದಿಂದ ಗೋಕಾಕದ ಬಸ್ ನಿಲ್ದಾಣದ ಎದುರಿನ ತಳ್ಳುಗಾಡಿಯ ಉಳ್ಳಾಗಡ್ಡಿ ಭಜಿ ಕಣ್ಣ ಮುಂದೆ ಬರುತ್ತಿತ್ತು. ಹೊಲಕ್ಕೆ ಹೋಗುತ್ತೇನೆಂದು ಹೇಳಿ ಗಾಡಿ ತೆಗೆದೆ. ಹಳ್ಳದ ಸಣ್ಣ ಸೇತುವೆ ದಾಟುವಾಗ ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ.

ಇದಕ್ಕಿಂತ ದೊಡ್ಡ ಕಾರಣವೊಂದಿದ್ದರೆ ಬರೆಯಲು ಸುಲಭವಾಗುತ್ತಿತ್ತು. ಇಲ್ಲ. ಭಜಿ ತಿನ್ನಲು ಹೋದೆ. ಎರಡು ಪ್ಲೇಟು ತಿಂದೆ. ಪುಟ್ಟ ಹನಿ ಬೀಳುತ್ತಿತ್ತು, ಎಣ್ಣೆ ಚುರ್ ಎನ್ನುತ್ತಿತ್ತು, ಕೈಯಲ್ಲಿ ಪೇಪರಿನ ತುಂಡು ಬಿಸಿಯಾಗಿತ್ತು. ಅಂಥ ರುಚಿ ಆಮೇಲೆ ನನಗೆ ಸಿಕ್ಕಿಲ್ಲ ಎಂದು ಬರೆಯಲು ನಾಚಿಕೆಯಾಗುತ್ತದೆ. ಆದರೆ ಒಂದು ಸಲ ಖರೆ ಬರೆಯಬೇಕೆಂದು ಕುಳಿತ ಮೇಲೆ ಅದನ್ನೂ ಬರೆಯಬೇಕು.

ಬರುವಾಗ ಅವಸರ. ಘಟಪ್ರಭಾ ದಾಟಿ ಸ್ವಲ್ಪ ಮುಂದೆ ಬಂದರೆ ಒಂದು ತಿರುವು. ಹೊಲದಿಂದ ರಸ್ತೆಗೆ ಹತ್ತಿದ ಟ್ರ್ಯಾಕ್ಟರಿನ ಗಾಲಿಗಳಿಂದ ಉದುರಿದ ಕರಿಮಣ್ಣು ಡಾಂಬರಿನ ಮೇಲೆ ಬೆಣ್ಣೆಯಂತೆ ಹರಡಿತ್ತು. ಗಾಡಿ ಬಲಕ್ಕೆ ಜಾರಿತು. ನನಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಗಾಡಿಯ ಕೆಳಭಾಗ ರಸ್ತೆಯಂಚಿನ ಕಲ್ಲಿಗೆ ಹೋಗಿ ಬಡಿಯಿತು. ಆಡು ಕಾಯುತ್ತಿದ್ದ ಒಬ್ಬ ಮುದುಕ ಬಂದು ಎತ್ತಲು ಕೈ ಹಚ್ಚಿದ.

"ಎಮ್ಮಿ ಕೆಸರಾಗ ಮಲಗಿದಂಗ ಮಲಗೇತಲ್ರಿ ನಿಮ್ಮ ಗಾಡಿ," ಎಂದ. "ಹುಕ್ಕೇರಿ ಮಿಸ್ತ್ರಿಗೆ ತೋರ್ಸ್ರಿ. ಬ್ರೇಕಿನ ಕಡೆ ಬಡದೈತಿ, ಹಂಗ ಹೊಡಿಬ್ಯಾಡ್ರಿ."

ಹುಕ್ಕೇರಿಯ ಮಿಸ್ತ್ರಿಗೆ ಹೇಗೆ ತೋರಿಸಲಿ? ನಮ್ಮೂರಿನ ಗಾಡಿಗಳೆಲ್ಲ ಹೋಗುವುದು ಅವನ ಹತ್ತಿರವೇ. ಪಾರೀಸನ ಹಾಲು ಕುಡಿಯುವವನು ಅವನು. ಎಲ್ಲಿ ಬಿದ್ದಿರಿ ಎಂದು ಕೇಳುತ್ತಾನೆ, ನಾನು ಹೇಳದಿದ್ದರೂ ಗಾಲಿಯ ಮಣ್ಣು ಹೇಳುತ್ತದೆ, ಸಂಜೆಯೊಳಗೆ ಬಸದಿಗೆ ಸುದ್ದಿ ಮುಟ್ಟುತ್ತದೆ. ಜಿನ್ನಪ್ಪ ಹಳ್ಳ ದಾಟಿದ. ನಡುವೆ ಎಲ್ಲೂ ನಿಲ್ಲಿಸದೆ, ಹಿಂದಿನ ಬ್ರೇಕು ಮುಟ್ಟದೆ, ಮೆಲ್ಲಗೆ ಓಡಿಸಿಕೊಂಡು ಬಂದು, ಊರು ಹೊಗದೆ ಸೀದಾ ಹೊಲದ ಶೆಡ್ಡಿಗೆ ಹೋದೆ.

ಶೆಡ್ಡಿನಲ್ಲಿ ನೀರೆತ್ತುವ ಇಂಜಿನ್ನಿನ ನಟ್ಟು ತಿರುಗಿಸುವ ಪಾನಾಗಳಿದ್ದವು, ಸುತ್ತಿಗೆ ಇತ್ತು, ಒಂದು ಇಕ್ಕಳ. ಮುಂದಿನ ಗಾಲಿಯನ್ನು ಮೊಣಕಾಲ ನಡುವೆ ಹಿಡಿದು ಹ್ಯಾಂಡಲ್ ತಿರುಚಿ ನೆಟ್ಟಗೆ ಮಾಡಿದೆ. ಕಾಲಿಡುವ ಕಬ್ಬಿಣಕ್ಕೆ ಪೈಪು ಸಿಕ್ಕಿಸಿ ಎತ್ತಿದೆ. ಬ್ರೇಕಿನ ಪೆಡಲ್ಲನ್ನು ಬಡಿದು ಕೆಳಗಿಳಿಸಿದೆ. ಡಬ್ಬಿಯಲ್ಲಿ ಚಿಮಣಿ ಎಣ್ಣೆ ಹಾಕಿಕೊಂಡು ಅರಿವೆಯಿಂದ ಕರಿಮಣ್ಣನ್ನೆಲ್ಲ ಒರೆಸಿದೆ. ನನ್ನ ಕೈ ಇಷ್ಟು ಜಾಣ ಇದೆಯೇ ಎಂದು ನನಗೇ ಹೆಮ್ಮೆಯಾಯಿತು.

ಉಳಿದದ್ದು ಒಂದು ಪಟ್ಟಿ. ಹಿಂದಿನ ಬ್ರೇಕಿನ ತಟ್ಟೆ ಗಾಲಿಯ ಕೂಡ ತಿರುಗಿ ಹೋಗದಂತೆ ಹಿಡಿದು ನಿಲ್ಲಿಸುವ, ಗೇಣುದ್ದಕ್ಕಿಂತ ಸ್ವಲ್ಪ ಉದ್ದನೆಯ ಕಬ್ಬಿಣದ ಪಟ್ಟಿ ಅದು. ಕಲ್ಲಿಗೆ ಬಡಿದು ಬಿಲ್ಲಿನಂತೆ ಬಾಗಿತ್ತು. ಅದನ್ನು ಕಳಚಬೇಕಿತ್ತು. ಅದರ ಬೋಲ್ಟಿಗೆ ನಟ್ಟು, ನಟ್ಟು ಸಡಿಲಾಗಿ ಬಿಚ್ಚಿ ಬೀಳದಂತೆ ಅಡ್ಡಲಾಗಿ ಒಂದು ಎರಡು ಕಾಲಿನ ಪಿನ್ನು. ಇಕ್ಕಳದಿಂದ ಎಳೆದಾಗ ಪಿನ್ನಿನ ಒಂದು ಕಾಲು ಮುರಿಯಿತು. ಡಬ್ಬಿಗೆ ಹಾಕಿದೆ. ಬಾವಿಯ ಹತ್ತಿರ ಅರಿವೆ ಒಗೆಯುವ ಕಲ್ಲಿನ ಮೇಲೆ ಪಟ್ಟಿಯನ್ನಿಟ್ಟು ಬಡಿದು ನೆಟ್ಟಗೆ ಮಾಡಿ ತಂದು ಕೂಡಿಸಿದೆ. ನಟ್ಟು ಬಿಗಿ ಮಾಡಿದೆ. ಪಿನ್ನಿನ ತೂತು ಖಾಲಿ ಉಳಿಯಿತು.

ಅಷ್ಟರಲ್ಲಿ ಸುನಂದಾ ಎಮ್ಮೆಗೆ ಹಸಿಹುಲ್ಲಿನ ಹೊರೆ ಕಟ್ಟಲು ಬಂದಳು. ಬಾಗಿಲಲ್ಲಿ ನಿಂತು ಗಾಡಿ ನೋಡಿದಳು, ನನ್ನ ಮೊಣಕೈ ನೋಡಿದಳು.

"ಹಳ್ಳಾ ದಾಟಿದ್ರಿ, ಹೌದಿಲ್ಲೋ?"

"ಯಾರ ಹೇಳಿದ್ರು?"

"ಯಾರ ಯಾಕ ಹೇಳಬೇಕ್ರಿ? ಬಾಯಾಗ ಉಳ್ಳಾಗಡ್ಡಿ ವಾಸನಿ ಬರಾಕತ್ತೈತಿ. ಮನಿಗೆ ಬರೂ ಮುಂದ ನಾಲ್ಕ ಲವಂಗಾ ಅಗೀರಿ. ಅತ್ತಿ ಮುಂದ ನಿಂತ್ರ ನಿಮ್ಮ ವ್ರತಾ ಎಲ್ಲಾ ಹೊರಗ ಬರತೈತಿ."

"ಸುಮ್ನಿರು. ನಿನ್ನ ತಲಿಯಾಗಿನ ಪಿನ್ನ ಒಂದ ಕೊಡು."

ಅವಳು ನಕ್ಕಳು. "ಗಾಡೀಗೆ ತುರಬಾ ಕಟ್ಟತೀರೇನ್ರಿ?"

ನಗುತ್ತಲೇ ಕೊಟ್ಟಳು. ಕಪ್ಪು ತಲೆಪಿನ್ನು, ಮೆತ್ತಗಿನ ತಂತಿ. ತೂತಿನಲ್ಲಿ ಹಾಕಿ ಎರಡೂ ಕಾಲು ಬಗ್ಗಿಸಿದೆ. ನೋಡಲು ಅಸಲಿಯ ಹಾಗೆಯೇ ಕಾಣುತ್ತಿತ್ತು. ಪರ್ವ ಮುಗಿದ ಮೇಲೆ ಒಂದು ಪಿನ್ನು ತಂದು ಹಾಕಿದರಾಯಿತು ಎಂದುಕೊಂಡೆ.

ಅವ್ವ ಆ ಸಂಜೆ ಮೊಣಕೈಗೆ ಅರಿಶಿಣ ಹಚ್ಚಿದಳು. ಎಮ್ಮೆ ಜಗ್ಗಿ ಕೆಡವಿತು ಎಂದಿದ್ದೆ. "ಹಂಗ ಮಾಡೂ ಎಮ್ಮಿ ಅಲ್ಲಲ್ಲೋ ಅದು," ಎಂದಳು. ಆಮೇಲೆ ತಾನೇ, "ಇರಲಿ. ವ್ರತಾ ಹಿಡದವರಿಗೆ ಕಾಡಾಟ ಇರತಾವು," ಎಂದು ಸಮಾಧಾನ ಮಾಡಿಕೊಂಡಳು. ನಾನು ಬಾಯಿ ಮುಚ್ಚಿ ಲವಂಗ ಅಗಿಯುತ್ತ ಕೂತಿದ್ದೆ.

ಗಾಡಿ ಎರಡು ದಿನ ತಕರಾರಿಲ್ಲದೆ ಓಡಿತು. ಮೂರನೆಯ ದಿನ ಪಾರೀಸ ಹಾಲು ಹಾಕಿ ಬಂದವನು ಹೇಳಿದ, "ಅಣ್ಣಾ, ಹಿಂದ ಏನೋ ಟಕ್‌ಟಕ್ ಅಂತೈತಿ. ಹೊಳ್ಳಿ ಬರುಮುಂದ ಮಿಸ್ತ್ರಿಗೆ ತೋರ್ಸಬೇಕಂದೆ, ಅಂವಾ ಇರಲಿಲ್ಲ. ನಾಳಿ ತೋರಸ್ತೇನಿ."

ಮಿಸ್ತ್ರಿ ಬಗ್ಗಿ ನೋಡುತ್ತಾನೆ, ತಲೆಪಿನ್ನು ನೋಡಿ ನಗುತ್ತಾನೆ, ಇದು ಯಾರ ಕೆಲಸ ಎನ್ನುತ್ತಾನೆ. "ಚೈನ ಸಡ್ಲಾಗಿರಬೇಕು ತಗೋ," ಎಂದೆ. "ಅದಕ್ಕ್ಯಾಕ ಮಿಸ್ತ್ರಿ? ನಾನಽ ನೋಡ್ತೇನಿ." ಚೈನು ಬಿಗಿ ಮಾಡಿದೆ. ಪಟ್ಟಿಯ ಕಡೆ ನೋಡಲಿಲ್ಲ. ಪಾರೀಸ ನಂಬಿದ. ಅಣ್ಣ ನೋಡಿದ ಮೇಲೆ ಮುಗಿಯಿತು ಅವನಿಗೆ.

ಪರ್ವ ಮುಗಿದು ಕ್ಷಮಾವಣಿಯ ದಿನ ಬಂತು. ಆವತ್ತು ನಮ್ಮಲ್ಲಿ ಹಿರಿಯರು ಕಿರಿಯರೆನ್ನದೆ ಎಲ್ಲರೂ ಎಲ್ಲರ ಕ್ಷಮೆ ಬೇಡುತ್ತಾರೆ. ಗೊತ್ತಿದ್ದೋ ಗೊತ್ತಿಲ್ಲದೆಯೋ ತಪ್ಪಾಗಿದ್ದರೆ ಕ್ಷಮಾ ಇರಲಿ ಎಂದರೆ, ಎದುರಿನವರು ಉತ್ತಮ ಕ್ಷಮಾ ಎನ್ನಬೇಕು. ಏನು ತಪ್ಪು ಎಂದು ಯಾರೂ ಕೇಳುವುದಿಲ್ಲ. ನಾನು ಪಾರೀಸನ ಕೈ ಹಿಡಿದು ಆ ಮಾತು ಹೇಳಿದೆ. ಹೇಳುವಾಗ ಖರೇನೇ ಎದೆ ಹಗುರಾಯಿತು, ಎಲ್ಲ ಹೇಳಿಬಿಟ್ಟೆನೇನೋ ಎಂಬಂತೆ. "ಉತ್ತಮ ಕ್ಷಮಾ ಅಣ್ಣಾ. ನೀ ನನಗೇನ ಮಾಡೀದಿ ಅಂತ?" ಎಂದು ನಕ್ಕ. ಅವ್ವ ಸೊಸೆಯಂದಿರ ಕ್ಷಮೆ ಬೇಡಿದಳು, ಕೊಟ್ಟಿಗೆಗೆ ಹೋಗಿ ಎಮ್ಮೆಯ ಬೆನ್ನು ಸವರಿ ಅದರ ಕ್ಷಮೆಯನ್ನೂ ಬೇಡಿದಳು.

ಮರುದಿನ ಬೆಳಿಗ್ಗೆ ಅವ್ವ ಬಿಳಿ ಸೀರೆಯುಟ್ಟು ನನ್ನ ಮುಂದೆ ಬಂದು ನಿಂತಳು. ಅವಳ ಅಕ್ಕನ ಮನೆ ಕಣಗಲಾದಲ್ಲಿ. ಒಂದು ಮದುವೆಯಲ್ಲಿ ಊಟಕ್ಕೆ ಕರೆಯುವುದು ತಡವಾಯಿತೆಂಬ ಮಾತಿಗೆ ಇಬ್ಬರೂ ಎಂಟು ವರ್ಷದಿಂದ ಮಾತು ಬಿಟ್ಟಿದ್ದರು.

"ಎಮ್ಮಿ ಮುಂದ ಸೈತ ಕ್ಷಮಾ ಬೇಡೀನಿ," ಎಂದಳು. "ಒಡಹುಟ್ಟಿದಾಕಿ ಮುಂದ ಬೇಡಿಲ್ಲ. ಕರ್ಕೊಂಡ ಹೋಗ ನಡಿ. ನಿನ್ನ ಹಳ್ಳಾನೂ ಬಿಡುಗಡಿ ಆತಲ್ಲ."

"ಮೊಣಕೈ ಇನ್ನೂ ನೋಯತೈತಿ ಅವ್ವಾ. ಪಾರೀಸ ಹೋಗ್ತಾನ ತಗೋ."

ಮೊಣಕೈ ನೋಯುತ್ತಿದ್ದದ್ದು ಸುಳ್ಳಲ್ಲ. ಪಾರೀಸ ಗಾಡಿಯ ಕ್ಯಾನು ಬಿಚ್ಚಿದ. ಅವ್ವ ಒಂದು ಬದಿಗೆ ಕಾಲು ಬಿಟ್ಟು ಕೂತು ಅವನ ಹೆಗಲ ಮೇಲೆ ಕೈಯಿಟ್ಟಳು. ನಾನು ಹಿಂದೆಯೇ ನಿಂತಿದ್ದೆ. ಬಗ್ಗಿದರೆ ಪಟ್ಟಿ ಕಾಣುತ್ತಿತ್ತು. ಬಗ್ಗಿ ನೋಡಿದರೆ ತಡೆಯಬೇಕಾಗುತ್ತಿತ್ತು, ತಡೆದರೆ ಯಾಕೆಂದು ಹೇಳಬೇಕಾಗುತ್ತಿತ್ತು. ನಿಂತಲ್ಲೇ ನಿಂತೆ. ಪಾರೀಸ ಓಣಿಯ ತಿರುವಿನವರೆಗೂ ಸಿಳ್ಳೆ ಹಾಕುತ್ತ ಹೋದ. ಅವನ ಸಿಳ್ಳೆ ಕೇಳಿದ್ದು ಅದೇ ಕೊನೆ.

ಕಣಗಲಾ ಇನ್ನೂ ಮೂರು ಕಿಲೋಮೀಟರ್ ಇರುವಾಗ ರಸ್ತೆಗೆ ಒಂದು ಎಮ್ಮೆಯ ಕರು ಅಡ್ಡ ಬಂತಂತೆ. ಪಾರೀಸ ಬ್ರೇಕು ಒತ್ತಿದ. ಹಿಂದಿನ ಗಾಲಿ ಗಪ್ಪನೆ ಕಚ್ಚಿಕೊಂಡು ನಿಂತಿತು. ಗಾಡಿ ಅಡ್ಡ ತಿರುಗಿ ಬಿತ್ತು. ಪಾರೀಸ ಹುಲ್ಲಿನ ಮೇಲೆ ಬಿದ್ದ. ಅವ್ವನ ತಲೆ ಕಿಲೋಮೀಟರ್ ಕಲ್ಲಿಗೆ ಬಡಿಯಿತು.

ಸಂಕೇಶ್ವರದ ದವಾಖಾನೆಯಲ್ಲಿ ಅವ್ವ ಒಂದು ಹಗಲು ಉಸಿರಾಡಿದಳು, ಕಣ್ಣು ತೆರೆಯಲಿಲ್ಲ. ಸುದ್ದಿ ಕೇಳಿ ಕಣಗಲಾದ ದೊಡ್ಡವ್ವ ಬಂದಳು. ತಂಗಿಯ ಪಾದದ ಹತ್ತಿರ ನಿಂತು ಉತ್ತಮ ಕ್ಷಮಾ, ಉತ್ತಮ ಕ್ಷಮಾ ಎಂದು ಅಂದೇ ಅಂದಳು. ಬೇಡಬೇಕಾದವಳ ಬಾಯಿಂದ ಮಾತಿಲ್ಲ. ಪಾರೀಸ ಹೊರಗೆ ಗೋಡೆಗೆ ಒರಗಿ ಕೂತಿದ್ದ. ನನ್ನನ್ನು ನೋಡಿ ತನ್ನ ಬಲಗಾಲನ್ನು ಎರಡೂ ಕೈಯಿಂದ ಹಿಡಿದು ತೋರಿಸಿದ.

"ಈ ಕಾಲ, ಅಣ್ಣಾ. ಅಂಜಿ ಜೋರ ಒತ್ತಿಬಿಟ್ನಿ. ಮೆಲ್ಲಕ ಒತ್ತಿದ್ರ ಅವ್ವ ಇರತಿದ್ಲು."

ನಾನು ಆಗ ಇನ್ನೂ ಗಾಡಿಯನ್ನು ನೋಡಿರಲಿಲ್ಲ. ಆದರೆ ನನಗೆ ಗೊತ್ತಾಗಿತ್ತು.

ಮರುದಿನ ಗಾಡಿಯನ್ನು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಬಂದು ಶೆಡ್ಡಿನ ಮುಂದೆ ಇಳಿಸಿದರು. ಪಟ್ಟಿಯ ಒಂದು ತುದಿ ಬಿಚ್ಚಿ ನೆಲಕ್ಕೆ ಜೋತುಬಿದ್ದಿತ್ತು. ಬೋಲ್ಟಿಲ್ಲ, ನಟ್ಟಿಲ್ಲ, ತಲೆಪಿನ್ನಿಲ್ಲ. ಹಿಡಿದು ನಿಲ್ಲಿಸುವ ಪಟ್ಟಿ ಬಿಚ್ಚಿದ್ದರಿಂದ, ಬ್ರೇಕು ಒತ್ತಿದೊಡನೆ ತಟ್ಟೆ ಗಾಲಿಯ ಕೂಡ ತಿರುಗಿ ಗಾಲಿಯನ್ನೇ ಕಚ್ಚಿ ನಿಲ್ಲಿಸಿತ್ತು. ಇಳಿಸಿದವರಲ್ಲಿ ಒಬ್ಬ, "ಇದೇನ್ರಿ ಕಾಕಾ, ಜೋತಾಡಾಕತ್ತೈತಿ?" ಎಂದ. "ಬಿದ್ದಾಗ ಮುರದಿರಬೇಕು," ಎಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು. ಅವನು ಮತ್ತೆ ಕೇಳಲಿಲ್ಲ.

ಅಂತ್ಯಸಂಸ್ಕಾರವಾಯಿತು. ನಾಲ್ಕನೆಯ ದಿನ ಪಾರೀಸ, "ಅಣ್ಣಾ, ಗಾಡಿ ಒಮ್ಮೆ ಮಿಸ್ತ್ರಿಗೆ ತೋರ್ಸೂನು. ನಾ ಯಾವಾಗ್ಲೂ ಒತ್ತಿದಷ್ಟಽ ಒತ್ತಿದಂಗ ನೆನಪ. ಬ್ರೇಕ ಹಂಗ್ಯಾಕ ಹಿಡೀತಂತ ನೋಡೂನು," ಎಂದ. ಅವನ ಕಣ್ಣಲ್ಲಿ ಒಂದು ಆಸೆಯಿತ್ತು. ಗಾಡಿಯಲ್ಲೇನಾದರೂ ತಪ್ಪಿರಲಿ ಎಂಬ ಆಸೆ. ಅದನ್ನು ನಾನು ನೋಡಿದೆ. "ಆತು. ಮಿಸ್ತ್ರಿಗೆ ನಾಡದು ಬಾ ಅಂತ ಹೇಳಿ ಕಳಸ್ತೇನಿ," ಎಂದೆ.

ಮರುದಿನ ಸೂತಕ ಕಳೆಯುವ ದಿನಕ್ಕೆ ಕಲ್ಲೋಳಿಯ ಬೀಗರಿಗೆ ಹೇಳಿ ಬರುತ್ತೇನೆಂದು ಬಸ್ಸು ಹತ್ತಿದೆ. ಕಲ್ಲೋಳಿಯಲ್ಲಿ ನೀರೂ ಕುಡಿಯದೆ ಹೇಳಿ ಮುಗಿಸಿ, ಅಲ್ಲಿಂದ ಮೂಡಲಗಿಗೆ ಹೋದೆ. ಹುಕ್ಕೇರಿಯಲ್ಲಿ, ಗೋಕಾಕದಲ್ಲಿ ಯಾರಾದರೂ ಗುರುತಿನವರು ಸಿಕ್ಕೇ ಸಿಗುತ್ತಾರೆ. ಮೂಡಲಗಿಯಲ್ಲಿ ನನ್ನನ್ನು ಕೇಳುವವರಿಲ್ಲ. ಬಿಡಿಭಾಗದ ಅಂಗಡಿಯವನಿಗೆ ಡಬ್ಬಿಯಿಂದ ತೆಗೆದು ಜೇಬಿನಲ್ಲಿಟ್ಟುಕೊಂಡಿದ್ದ ಮುರಿದ ಪಿನ್ನು ತೋರಿಸಿ, ಇಂಥದೊಂದು ಪಿನ್ನು, ಬೋಲ್ಟು, ನಟ್ಟು ಬೇಕೆಂದೆ.

"ಯಾವೂರ್ರಿ?"

"ಹುಕ್ಕೇರಿ ಕಡೆ."

"ಒಂದ ಪಿನ್ನಿಗೆ ಹುಕ್ಕೇರಿಂದ ಇಲ್ಲೀತನಾ ಬಂದ್ರ್ಯಾ? ನಿಮ್ಮ ಕಡೆ ಕಬ್ಬಿಣಾ ಬೆಳ್ಯಾಂಗಿಲ್ಲೇನ್ರಿ?" ಎಂದು ನಕ್ಕ. ನಾನು ನಗಲಿಲ್ಲವೆಂದು ಅವನಿಗೆ ಏನೋ ಅನ್ನಿಸಿರಬೇಕು. ಎರಡು ಪಿನ್ನು ಕಟ್ಟಿಕೊಟ್ಟು, "ಒಂದ ಹೆಚ್ಚಿಗಿ ಇರಲಿ ತಗೋರಿ. ಸಣ್ಣದ ಅಂತ ಜನಾ ಇದನ್ನ ಮರೀತಾರು," ಎಂದ.

ಮಾರನೆಯ ಬೆಳಿಗ್ಗೆ ಮನೆಯವರೆಲ್ಲ ಮಾತಾಡಿಸಲು ಬಂದವರ ಜೊತೆ ಕೂತಿದ್ದಾಗ ನಾನು ಹೊಲದ ಶೆಡ್ಡಿಗೆ ಹೋದೆ. ತಿರುಗಿ ಹೋಗಿದ್ದ ಬ್ರೇಕಿನ ತಟ್ಟೆಯನ್ನು ಜಾಗಕ್ಕೆ ತಂದೆ. ಪಟ್ಟಿ ಕೂಡಿಸಿದೆ, ಬೋಲ್ಟು ಹಾಕಿದೆ, ನಟ್ಟು ಬಿಗಿ ಮಾಡಿದೆ, ಪಿನ್ನು ಹಾಕಿ ಎರಡು ಕಾಲನ್ನೂ ಸರಿಯಾಗಿ ಹಿಂದಕ್ಕೆ ಬಗ್ಗಿಸಿದೆ. ಹೊಸದೆಂದು ಕಾಣಬಾರದೆಂದು ಗ್ರೀಸು ಹಚ್ಚಿ ಮೇಲೆ ಮಣ್ಣು ಉದುರಿಸಿದೆ. ಮೊದಲನೆಯ ಸಲ ಅವಸರದಲ್ಲಿ ಮಾಡಿದ್ದೆ. ಈ ಸಲ ಒಂದು ತಪ್ಪೂ ಆಗದಂತೆ, ಚಿತ್ತವಿಟ್ಟು ಮಾಡಿದೆ. ಉಳಿದ ಪಿನ್ನನ್ನೂ ಮುರಿದದ್ದನ್ನೂ ಡಬ್ಬಿಗೆ ಹಾಕಿ ಗೂಡಿನಲ್ಲಿ ಹಿಂದಕ್ಕೆ ಸರಿಸಿದೆ. ಸುನಂದಾ ಬಾಗಿಲಿಗೆ ಬಂದಿದ್ದಳು. ತಲೆಯಲ್ಲಿ ಉಳಿದ ಪಿನ್ನುಗಳನ್ನೆಲ್ಲ ಒಂದೊಂದೇ ಕಿತ್ತು ಬಾವಿಗೆ ಎಸೆದಳು. ಸಾಯುವವರೆಗೂ ದಾರದಿಂದಲೇ ಕೂದಲು ಕಟ್ಟಿದಳು.

ಮಧ್ಯಾಹ್ನ ಮಿಸ್ತ್ರಿ ಬಂದ. ಗಾಡಿಯ ಸುತ್ತ ಕೂತು, ಎದ್ದು, ಗಾಲಿ ತಿರುಗಿಸಿ, ಒಂದು ಸುತ್ತು ಓಡಿಸಿಕೊಂಡು ಬಂದ. ಪಾರೀಸ ಅವನ ಬಾಯಿಯನ್ನೇ ನೋಡುತ್ತ ನಿಂತಿದ್ದ.

"ಗಾಡ್ಯಾಗ ಏನೂ ದೋಷಿಲ್ಲ ಪಾರೀಸಣ್ಣ," ಎಂದ ಮಿಸ್ತ್ರಿ. ಒಳ್ಳೆಯವನು, ಸುಳ್ಳು ಹೇಳುವವನಲ್ಲ. "ಬ್ರೇಕ ಚಲೋ ಅದಾವು. ಒಮ್ಮೆಲೆ ಜೋರ ಒತ್ತೀರಿ, ಅದಕ್ಕ ಹಂಗಾಗೇತಿ. ಯಾರಿಂದರ ಆಗತೈತ್ರಿ, ಮನಸಿಗೆ ಹಚ್ಕೋಬ್ಯಾಡ್ರಿ."

ಪಾರೀಸ ತಲೆಯಾಡಿಸಿದ. ಅಲ್ಲೇ ಎರಡೂ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಮನೆಗೆ ಹೋದ. ಸಂಜೆ, ಸೂತಕವಿದ್ದುದರಿಂದ ಬಸದಿಯ ಹೊರಗೇ ಪಂಡಿತರ ಮುಂದೆ ನಿಂತು ಇನ್ನು ಗಾಡಿ ಮುಟ್ಟುವುದಿಲ್ಲ, ಈ ಕಾಲಿಗೆ ಚಪ್ಪಲಿ ಹಾಕುವುದಿಲ್ಲ ಎಂದು ವ್ರತ ಹಿಡಿದ. ನನ್ನ ತಮ್ಮ ಹಿಡಿದ ವ್ರತ ಬಿಡುವವನಲ್ಲ. ಆ ಗಾಡಿಯನ್ನು ನಾನೇ ಹಳೆ ಕಬ್ಬಿಣ ಕೊಳ್ಳುವ ಮೋಡಕದವನಿಗೆ ಹಾಕಿದೆ.

ಹಾಲಿನ ಕೆಲಸ ಹೋಯಿತು. ಹುಕ್ಕೇರಿಗೆ ಹೋಗಬೇಕಾದರೂ ನಡೆದೇ ಹೋಗುತ್ತಿದ್ದ, ಬೇಸಿಗೆಯಲ್ಲಿ ಡಾಂಬರು ಕರಗುವಾಗಲೂ. ಅವನ ಹಿಮ್ಮಡಿ ಒಡೆದು ಬೇಸಿಗೆಯ ಕರಿ ಹೊಲದಂತಾಯಿತು. ಪ್ರತಿ ವರ್ಷ ಕ್ಷಮಾವಣಿಯ ದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ನನ್ನ ಹತ್ತಿರ ಬರುತ್ತಿದ್ದ. ಉಳಿದವರಂತೆ ಗೊತ್ತಿದ್ದೋ ಗೊತ್ತಿಲ್ಲದೆಯೋ ಎನ್ನುತ್ತಿರಲಿಲ್ಲ. "ಅವ್ವನ್ನ ಕಳದೇನಿ, ಕ್ಷಮಾ ಮಾಡ ಅಣ್ಣಾ," ಎಂದು ಕಾಲು ಮುಟ್ಟುತ್ತಿದ್ದ. ನಾನು ಅವನ ತಲೆಯ ಮೇಲೆ ಕೈಯಿಟ್ಟು ಉತ್ತಮ ಕ್ಷಮಾ ಎನ್ನುತ್ತಿದ್ದೆ. ಒಂದು ವರ್ಷವಲ್ಲ, ಎರಡು ವರ್ಷವಲ್ಲ. ಮನುಷ್ಯ ಏನೇನು ಮಾಡಬಲ್ಲ ಎಂದು ಯಾರಾದರೂ ಕೇಳಿದರೆ ಇದನ್ನು ಹೇಳುತ್ತೇನೆ. ಅವ್ವನನ್ನು ಕೊಂದವನು ನಾನು, ಅವನನ್ನು ಕ್ಷಮಿಸುತ್ತ ನಿಂತವನೂ ನಾನೇ.

ಸುನಂದಾ ಹಾಸಿಗೆ ಹಿಡಿದಾಗ ಒಂದೇ ಮಾತು ಹೇಳಿದಳು, "ಮೈದುನಗ ಹೇಳಿಬಿಡ್ರಿ. ನಾ ಇರೂತನಕಾ ಹೇಳಿದ್ರ ಸಾಕ್ಷಿಗೆ ನಾ ಅದೇನಿ." ನಾಳೆ ಹೇಳುತ್ತೇನೆಂದೆ. ಅವಳು ಹೋಗಿ ಆರು ವರ್ಷವಾಯಿತು.

ಪಾರೀಸನಿಗೆ ಸಕ್ಕರೆ ಕಾಯಿಲೆ ಬಂತು. ಹೋದ ವರ್ಷ ಜಾಲಿಯ ಮುಳ್ಳು ನಟ್ಟದ್ದು ಅವನಿಗೆ ಗೊತ್ತೇ ಆಗಲಿಲ್ಲ, ಬಲಗಾಲಿನ ಎರಡು ಬೆರಳು ತೆಗೆಯಬೇಕಾಯಿತು. ಇನ್ನೊಂದು ಗಾಯವಾದರೆ ಕಾಲೇ ಹೋಗುತ್ತದೆ, ಚಪ್ಪಲಿಯಿಲ್ಲದೆ ನೆಲಕ್ಕೆ ಕಾಲಿಡಬೇಡಿ ಎಂದರು ಡಾಕ್ಟರು. ಅವನು ಕೈಮುಗಿದು, ಬ್ಯಾಂಡೇಜಿನ ಕಾಲನ್ನು ನೆಲಕ್ಕಿಟ್ಟು ಎದ್ದು ಬಂದ.

ಡಬ್ಬಿ ಸಿಕ್ಕ ದಿನವೇ ಅವನನ್ನು ಶೆಡ್ಡಿಗೆ ಕರೆದುಕೊಂಡು ಹೋದೆ. ಎರಡೂ ಪಿನ್ನು ಅಂಗೈಯಲ್ಲಿಟ್ಟು ಎಲ್ಲ ಹೇಳಿದೆ. ಭಜಿ, ತಿರುವು, ತಲೆಪಿನ್ನು, ಟಕ್‌ಟಕ್ ಸದ್ದು, ಮೂಡಲಗಿ, ಎಲ್ಲ. ಬೈಯುತ್ತಾನೆ, ಹೊಡೆಯುತ್ತಾನೆ ಎಂದು ಕಾದೆ. ಹೊಡೆದರೆ ಚೆನ್ನಾಗಿರುತ್ತಿತ್ತು. ಅವನು ಪಿನ್ನುಗಳನ್ನು ಮೆಲ್ಲಗೆ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದ.

"ನನ್ನ ಕಾಲ ಉಳಸಾಕ ಇಷ್ಟೆಲ್ಲಾ ಕಟ್ಟಿ ಹೇಳಾಕತ್ತೀಯೇನ ಅಣ್ಣಾ?"

"ಕಟ್ಟಿ ಹೇಳಾಕತ್ತಿಲ್ಲೋ. ಖರೆ ಐತಿ."

"ಮಿಸ್ತ್ರಿ ನನ್ನ ಕಣ್ಣ ಮುಂದಽ ನೋಡಿ ಹೇಳ್ಯಾನ. ಪಿನ್ನ ಇತ್ತು, ಎಲ್ಲಾ ಇತ್ತು. ಅಂವಾ ಯಾಕ ಸುಳ್ಳ ಹೇಳ್ತಾನ?"

"ಅದಽ ಹೇಳಾಕತ್ತೇನಲ್ಲೋ, ಅದನ್ನ ನಾನಽ ಹಾಕಿದ್ನಿ..."

"ವಯಸ್ಸಾತು ನಿನಗ," ಎಂದ, ನನ್ನ ಮೊಣಕೈ ಹಿಡಿದು ಎಬ್ಬಿಸುತ್ತ. "ನನ್ನ ಸಲುವಾಗಿ ಸುಳ್ಳ ಹೇಳಿ ಪಾಪಾ ಕಟ್ಕೋಬ್ಯಾಡ. ಅವ್ವನ ವಿಷ್ಯಾದಾಗ ಸುಳ್ಳ ಹೇಳೂ ಮನಷ್ಯಾ ಅಲ್ಲ ನೀ."

ಆಮೇಲೆ ಬಗ್ಗಿ ನನ್ನ ಕಾಲು ಮುಟ್ಟಿದ. ಬದುವಿನ ಮೇಲೆ ಮುಳ್ಳು ನೋಡಿಕೊಂಡು, ಬಲಗಾಲನ್ನು ಸ್ವಲ್ಪ ಎಳೆಯುತ್ತ ಮನೆಯ ಕಡೆ ಹೋದ. ನನ್ನ ಎರಡನೆಯ ರಿಪೇರಿ ಅಷ್ಟು ಗಟ್ಟಿಯಾಗಿತ್ತು. ಇಪ್ಪತ್ತೈದು ವರ್ಷದ ಮೇಲೂ ನಾನೇ ಬಿಚ್ಚಲು ಹೋದರೂ ಬಿಚ್ಚಲಿಲ್ಲ.

ಹುಕ್ಕೇರಿಯಿಂದ ಮೆತ್ತನೆಯ ಅಟ್ಟೆಯ ಒಂದು ಜೋಡು ಚಪ್ಪಲಿ ತಂದು, ಈಗ ಬೇರೆಯಾಗಿರುವ ಅವನ ಮನೆಯ ಬಾಗಿಲ ಮುಂದೆ ಇಟ್ಟಿದ್ದೇನೆ. ದಿನವೂ ಬೆಳಿಗ್ಗೆ ಹೋಗಿ ನೋಡುತ್ತೇನೆ. ಇಟ್ಟಲ್ಲೇ ಇವೆ. ನಿನ್ನೆಯ ಮಳೆಗೆ ಎರಡರಲ್ಲೂ ನೀರು ನಿಂತಿತ್ತು, ಚೆಲ್ಲಿ ಒರೆಸಿ ಮತ್ತೆ ಇಟ್ಟು ಬಂದೆ.

ಬಾಯಿಯ ಮಾತನ್ನು ಅವನು ಪ್ರೀತಿ ಎಂದುಕೊಂಡ. ಅದಕ್ಕೇ ಇದನ್ನು ಅಚ್ಚಿಗೆ ಕೊಡುತ್ತಿದ್ದೇನೆ. ಅಚ್ಚಾದದ್ದನ್ನು ಊರೆಲ್ಲ ಓದುತ್ತದೆ, ಓದಿ ನನ್ನ ಮುಖಕ್ಕೆ ಉಗುಳುತ್ತದೆ. ಪ್ರೀತಿಗಾಗಿ ಯಾರೂ ಅಷ್ಟು ಮಾಡಿಕೊಳ್ಳುವುದಿಲ್ಲ ಎಂದಾದರೂ ಅವನಿಗೆ ಅನ್ನಿಸಲಿ. ಪಾರೀಸಾ, ಆವತ್ತು ನಿನ್ನ ಕಾಲು ಒತ್ತಬೇಕಾದಷ್ಟೇ ಒತ್ತಿತ್ತು.